ಹನ್ನೊಂದು ಹಲ್ಲಿಮರಿಗಳ ಪ್ರಕರಣ

ಜನವರಿ 15, ಬುಧವಾರ, ಬೆಳಿಗ್ಗೆ 7.20. ಎಲೆಬಾಲದ ಹಲ್ಲಿಯ ಹನ್ನೊಂದು ಮರಿಗಳು ಕಳವಾಗಿವೆ ಎಂದು ಸಾಕಣೆ ಕೇಂದ್ರದ ಮೇಲ್ವಿಚಾರಕ ಹೆರಿಲಾಲ ದೂರು ಕೊಟ್ಟ. ಮಡಗಾಸ್ಕರ್‌ನ ಪೂರ್ವ ಕಾಡಂಚಿನ ಆ ಠಾಣೆಯಲ್ಲಿ ಹಲ್ಲಿಗಾಗಿ ಎಫ್‌ಐಆರ್ ದಾಖಲಾದದ್ದು ಅದೇ ಮೊದಲು.

"ಯಾವಾಗ ಹೋದವು?" ಠಾಣಾಧಿಕಾರಿ ಅಂದ್ರಿಯಂಬೆಲು ಕೇಳಿದ.

"ಸೋಮವಾರ ಸಂಜೆ ಐದಕ್ಕೆ ಇದ್ದವು ಸಾಹೇಬ್ರೆ. ಮಂಗಳವಾರ ಬೆಳಿಗ್ಗೆ ಇರ್ಲಿಲ್ಲ."

"ನಿನ್ನೆಯೆಲ್ಲಾ ಏನ್ ಮಾಡ್ತಿದ್ರಿ?"

"ಗೋಡೆ ಗೋಡೆ ಹುಡುಕಿದ್ವಿ. ತೊಗಟೆ ಬಣ್ಣದ ಪ್ರಾಣಿ, ಕಣ್ಣೆದುರಿಗಿದ್ರೂ ಕಾಣಲ್ಲ."

"ಅವುಗಳ ಡಬ್ಬಗಳೂ ಹೋಗಿವೆ ಅಂತೀರಿ. ಅವೂ ತೊಗಟೆ ಬಣ್ಣದವಾ?"

ಕಾನ್‌ಸ್ಟೇಬಲ್ ಜಫಿಸುವಾ ನಗು ಮುಚ್ಚಿಕೊಳ್ಳಲು ರಿಜಿಸ್ಟರಿನ ಮೇಲೆ ಬಗ್ಗಿದಳು.

8.45ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹೆಚ್ಚು ಬೆಲೆಯ ದೊಡ್ಡ ಹಲ್ಲಿಗಳು ಹಾಗೇ ಇದ್ದವು. ಹೋದದ್ದು ಮರಿಗಳಿದ್ದ ಮೂರು ಡಬ್ಬ, ನೀರು ಸಿಂಪಡಿಸುವ ಒಂದು ಬಾಟಲಿ. ಹೊಸ ತಗಡಿನ ಚಾವಣಿಯ ಆ ಕೋಣೆಯಲ್ಲಿ ಅಷ್ಟು ಹೊತ್ತಿಗೇ 29 ಡಿಗ್ರಿ.

"ಮರಿಗಳು ಎಷ್ಟು ಬಿಸಿ ತಡೀತವೆ?"

"ಇಪ್ಪತ್ತೈದು ದಾಟಬಾರ್ದು," ಎಂದ ಹೆರಿಲಾಲ.

"ಈ ಕೋಣೆಗೆ ತಂದ ಮೇಲೆ ಎಷ್ಟು ಸತ್ತವು?"

"ನಾಲ್ಕು."

ಮಾರುವವನಾಗಿದ್ದರೆ ದೊಡ್ಡವನ್ನು ಒಯ್ಯುತ್ತಿದ್ದ. ಬಾಟಲಿ ಒಯ್ದವರಿಗೆ ಮರಿಗಳು ಬದುಕಬೇಕಿತ್ತು. ಅದಕ್ಕೆ ಎರಡು ಹೊತ್ತು ತುಂತುರು ನೀರು, ದಿನವೂ ಎಳ್ಳಿನಷ್ಟು ಪುಟ್ಟ ಜೀವಂತ ಹುಳು ಬೇಕು. ಅದು ತಪ್ಪಿದರೆ ಮರಿಗಳು ಉಳಿಯುವುದಿಲ್ಲ. ಅಂದ್ರಿಯಂಬೆಲುಗೆ ಕಳ್ಳರಿಗಿಂತ ಅವುಗಳದೇ ಯೋಚನೆಯಾಯಿತು.

10.10ಕ್ಕೆ ಅಕ್ಕಿ ಪಡ್ಡು ಮಾರುವ ಸುವಾನಿರಿನಾಳ ಅಂಗಡಿ.

"ಹಲ್ಲಿ ಹಾಳಾಗ್ಲಿ ಸಾಹೇಬ್ರೆ. ನಿನ್ನೆ ಮಂಗಳವಾರ ಗದ್ದೆಗಿಳಿದ್ಲಲ್ಲ, ಅವಳ ಮೇಲೆ ಹಾಕಿ ಕೇಸು! ಆಲಿಕಲ್ಲು ಬಿದ್ರೆ ಊರಿನ ಗತಿ?"

"ಯಾರು?"

"ಆ ಬಕುಲಿ."

"ಕಳೆ ಕೀಳ್ತಿದ್ಲಾ?"

"ಇಲ್ಲ. ಪೈರಿನ ಮೇಲೆ ಬಟ್ಟೆ ಬೀಸಿ, ಏನೋ ಕೊಡವಿ ಡಬ್ಬಿಗೆ ತುಂಬ್ತಿದ್ಲು."

ಆ ಸೀಮೆಯಲ್ಲಿ ಮಂಗಳವಾರ ಗದ್ದೆಗೆ ಕಾಲಿಡುವುದು ನಿಷಿದ್ಧ; ಮೀರಿದರೆ ಆಲಿಕಲ್ಲು ಬೀಳುತ್ತದೆಂದು ನಂಬಿಕೆ. ಹುಳು ಹಿಡಿಯಲು ಬುಧವಾರದವರೆಗೆ ಕಾಯಲಾಗದವರು ಮಾತ್ರ ಇಳಿದಾರು. ಅಂದ್ರಿಯಂಬೆಲು ಅರ್ಧ ಪಡ್ಡು ತಟ್ಟೆಯಲ್ಲೇ ಬಿಟ್ಟು ಎದ್ದ. ಬಕುಲಿ ಆರು ವರ್ಷ ಕೇಂದ್ರದ ಮರಿಗಳನ್ನು ಸಾಕಿದವಳು. ಶನಿವಾರ ಅವಳನ್ನು ಕೆಲಸದಿಂದ ತೆಗೆದಿದ್ದರು. ಬೀಗದಕೈ ವಾಪಸು ಕೇಳಿರಲಿಲ್ಲ.

11.05ಕ್ಕೆ ಬಕುಲಿ ತಾನೇ ಬಾಗಿಲು ತೆರೆದಳು. "ಬೇಗ ಒಳಗೆ ಬನ್ನಿ, ಬಿಸಿಗಾಳಿ ನುಗ್ಗುತ್ತೆ."

ಮರದ ನೆರಳಿನ ಮನೆ, ಒದ್ದೆ ಪಾಚಿ ಹಾಸಿದ ಡಬ್ಬಗಳು. ಜಫಿಸುವಾ ಎರಡು ಸಲ ಎಣಿಸಿದರೂ ಏಳರ ಮೇಲೆ ಹೋಗಲಿಲ್ಲ.

"ನಿನ್ನ ಮೂಗಿನ ಮುಂದೇನೇ ಮೂರಿವೆ," ಬಕುಲಿ ಆ ಸೀಮೆಯ ರೂಢಿಯಂತೆ ಬೆರಳು ಮಡಿಸಿ ತೋರಿಸಿದಳು. "ಇನ್ನೊಂದು ಮುಚ್ಚಳದಲ್ಲಿ."

"ಮಂಗಳವಾರ ಅಂತ ಗೊತ್ತಿರ್ಲಿಲ್ವಾ ಅಕ್ಕಾ?"

"ಗೊತ್ತಿತ್ತು ಕಣೇ. ಇವಕ್ಕೆ ಗೊತ್ತಿರ್ಲಿಲ್ಲ."

11.40ಕ್ಕೆ ಬಂಧನ. ತಗಡಿನ ಕೋಣೆ ಬೇಡವೆಂದು ತಾನು ಎರಡು ಸಲ ಹೇಳಿದ್ದಾಗಿಯೂ, ಎರಡನೇ ಸಲ ಹೆರಿಲಾಲ "ಇವು ನೀನು ಹೆತ್ತ ಮಕ್ಕಳಾ?" ಎಂದು ಕೇಳಿ ಕೆಲಸದಿಂದ ತೆಗೆದನೆಂದೂ ಬಕುಲಿ ಹೇಳಿಕೆ ಕೊಟ್ಟಳು. ಕಳವನ್ನು ಒಪ್ಪಿ ನೆಮ್ಮದಿಯಾಗಿ ಸಹಿ ಮಾಡಿದಳು. ತಗಡಿನ ಕೋಣೆಯ ಉಷ್ಣಾಂಶವನ್ನು ಅಂದ್ರಿಯಂಬೆಲು ಪಂಚನಾಮೆಯ ಮೊದಲ ಪುಟದಲ್ಲೇ ಬರೆದಿದ್ದ.

ವಶಪಡಿಸಿಕೊಂಡ ಮರಿಗಳನ್ನು ಠಾಣೆಯ ಕಲ್ಲುಗೋಡೆಯ ದಾಖಲೆ ಕೋಣೆಯಲ್ಲಿ ಇಡಲಾಯಿತು. ಮರುದಿನ ಜಾಮೀನು ಸಿಕ್ಕಿತು. ದಿನಕ್ಕೆರಡು ಸಲ ಠಾಣೆಗೆ ಹಾಜರಾಗಬೇಕೆಂಬುದು ಷರತ್ತು. ಬಕುಲಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ತಪ್ಪದೆ ಬಂದಳು, ಹುಳುವಿನ ಡಬ್ಬಿಯೊಂದಿಗೆ. ಏಪ್ರಿಲ್‌ನಲ್ಲಿ ವಿಚಾರಣೆ ಶುರುವಾದಾಗ ಹನ್ನೊಂದು ಮರಿಗಳೂ ಬದುಕಿದ್ದವು.