ತಕ್ಕಡಿ ಹತ್ತದ ಹನ್ನೆರಡು ಹೊನ್ನು

ಚಹಾ ಕುಡಿದು ಮೇಲೆ ಬಂದಾಗ ಡಬ್ಬಿ ಇರಲಿಲ್ಲ.

ಶಿವನಪ್ಪ ಮೊದಲು ನಕ್ಕ. ಯಾರೋ ಚೇಷ್ಟೆ ಮಾಡಿದ್ದಾರೆ ಅಂದುಕೊಂಡ. ಬಿಳಿ ಬಟ್ಟೆ ಎತ್ತಿ ನೋಡಿದ. ಚಾಪೆ ಸರಿಸಿದ. ಸೀರೆ ಗಂಟುಗಳ ಹಿಂದೆ ಕೈಯಾಡಿಸಿದ. ಆಮೇಲೆ ಅವನ ನಗು ಬತ್ತಿತು.

"ನನ್ನ ಡಬ್ಬಿ ಎಲ್ಲಿ ಹೋತ್ರಿ?"

ಉಳಿದವರೂ ಬಗ್ಗಿ ಹುಡುಕತೊಡಗಿದರು.

ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ ಅಬ್ದುಲಮಜೀದನ ಸೀರೆ ಅಂಗಡಿ. ಅದರ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ನಾಣ್ಯ ಬಳಗ ಸೇರುತ್ತದೆ. ಬಳಗ ಅನ್ನುವುದು ದೊಡ್ಡ ಹೆಸರು. ಇರುವವರು ನಾಲ್ಕೇ ಜನ. ಇತಿಹಾಸ ಕಲಿಸಿ ನಿವೃತ್ತರಾದ ಸಿದ್ದರಾಮೇಶ ಮಾಸ್ತರರು ಅದರ ಹಿರಿಯರು. ಮಜೀದ ಜಾಗ ಕೊಟ್ಟವನು. ಗಡಿಯಾರ ರಿಪೇರಿ ಮಾಡುವ ಯೂಸುಫ ತಕ್ಕಡಿ ತರುವವನು. ಪುರ್ತಗೇರಿಯ ರೈತ ಶಿವನಪ್ಪ ಎಲ್ಲರಿಗಿಂತ ಹೆಚ್ಚು ಹೊನ್ನು ಇದ್ದವನು. ಸ್ಟೀಲ್ ಡಬ್ಬಿಯಲ್ಲಿ ಹನ್ನೆರಡು ಪದ್ಮಟಂಕ. ನಡುವೆ ತಾವರೆ, ಸುತ್ತ ಸಿಂಹ. ಕದಂಬರ ಕಾಲದ ಬಂಗಾರದ ನಾಣ್ಯ.

ಚಹಾ ಮಾತ್ರ ಮಾಳಿಗೆಗೆ ಬರುವಂತಿಲ್ಲ. ಚೆಲ್ಲಿದರೆ ನಾಣ್ಯ ಕೆಡುತ್ತದೆ ಎಂದು ಎಲ್ಲರೂ ಕೆಳಗಿಳಿದು ಎದುರಿನ ಅಂಗಡಿಯಲ್ಲಿ ಕುಡಿಯುತ್ತಾರೆ. ನಾಣ್ಯಗಳನ್ನು ಹಾಸಿದ ಬಿಳಿ ಬಟ್ಟೆಯಲ್ಲೇ ಮುಚ್ಚಿಟ್ಟು ಹೋಗುತ್ತಾರೆ. ಇಷ್ಟು ವರ್ಷ ಒಂದು ತಾಮ್ರದ ಕಾಸೂ ಹೋಗಿರಲಿಲ್ಲ.

* * *

ಪಿಎಸ್ಐ ದುರ್ಗಾ ನರಗುಂದದವಳು. ಕಡಿಮೆ ಮಾತು, ಉದ್ದ ನೋಟ. ಬಂದವಳೇ ಮೊದಲು ಬಟ್ಟೆಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ಇದು ಯಾರದು?"

ಬಟ್ಟೆಯ ನಡುವೆ ಒಂದು ಬಂಗಾರದ ನಾಣ್ಯ ಹೊಳೆಯುತ್ತಿತ್ತು.

"ನಂದ್ರಿ," ಅಂದ ಮಜೀದ. "ಅದೂ ಪದ್ಮಟಂಕಾನ."

"ಡಬ್ಬಿ ಎಲ್ಲಿತ್ತು?"

"ಅದರ ಬಾಜೂಕ."

"ಬಾಜೂಕಿನ ಡಬ್ಬಿ ಒಯ್ದವ ಇದನ್ನ ಬಿಟ್ಟು ಹೋದ್ನಾ? ಕಳ್ಳಗ ಬಂಗಾರ ಬ್ಯಾಡಾಗಿತ್ತೇನು?"

ಮಜೀದ ಮಾಸ್ತರರ ಕಡೆ ನೋಡಿದ. ಮಾಸ್ತರರು ಕಿಟಕಿಯ ಕಡೆ ನೋಡಿದರು.

"ಚಹಾಕ್ಕ ಹೋದಾಗ ಯಾರು ಹಿಂದ ಉಳದ್ರಿ?"

"ಯಾರೂ ಇಲ್ರಿ," ಅಂದ ಮಜೀದ. "ಎಲ್ಲಾರೂ ಕೂಡೇ ಇಳದ್ವಿ."

"ಆಮ್ಯಾಲ ಮ್ಯಾಲ ಬಂದವ್ರು?"

ಯೂಸುಫ ತಾನೇ ಕೈ ಎತ್ತಿದ. "ನಾ ಬಂದಿದ್ನಿರಿ. ಫೋನ್ ಮರ್ತಿದ್ದೆ. ಬಾಗಲದಾಗ ನಿಂತು ತಗೊಂಡು ಇಳದೆ."

ಪಾಪ, ಕೈ ಎತ್ತಬಾರದಿತ್ತು. ಕೆಳಗೆ ಸೀರೆ ನೋಡಲು ಬಂದ ಹೆಂಗಸರು ಮೆಟ್ಟಿಲ ಹತ್ತಿರ ಕಿವಿ ಇಟ್ಟು ನಿಂತಿದ್ದರು.

ಶಿವನಪ್ಪ ದುರ್ಗಾಳ ಎದುರು ಕೈ ಮುಗಿದ. "ನಾಳೆ ಹುಬ್ಬಳ್ಳಿಯಿಂದ ಸಾವಕಾರ ಬರಾಂವ ಇದ್ದಾನ್ರಿ, ಹೊನ್ನು ಕೊಳ್ಳಾಕ. ನನ್ನ ಹೆಂಡತಿ ಎದಿಯಾಗಿನ ವಾಲ್ವ್ ಕೆಟ್ಟೈತಿ. ಮುಂದಿನ ವಾರ ಆಪರೇಶನ್. ಹೊಲ ಮಾರೂಣು ಅಂದ್ರ ಅಣ್ಣತಮ್ಮರು ಸಹಿ ಹಾಕವಲ್ರು. ಆ ಡಬ್ಬಿ ಬಿಟ್ರ ನನ್ನ ಹಂತ್ಯಾಕ ಏನೂ ಇಲ್ರಿ. ಲಗೂ ಹುಡುಕಿ ಕೊಡ್ರಿ ತಾಯಿ."

* * *

ಹುಬ್ಬಳ್ಳಿಯ ಸಾಹುಕಾರನನ್ನು ದುರ್ಗಾ ಮೊದಲು ವಿಚಾರಿಸಿದಳು. ಕೊಳ್ಳುವ ಬದಲು ಕದಿಸಿರಬಹುದಲ್ಲ? ಆದರೆ ಅವನು ಆ ನಾಣ್ಯಗಳನ್ನು ಕಣ್ಣಿಂದಲೂ ಕಂಡಿರಲಿಲ್ಲ. ಬಳಗ ಎಲ್ಲಿ ಸೇರುತ್ತದೆಂಬುದೂ ಗೊತ್ತಿರಲಿಲ್ಲ. ಭಾನುವಾರ ಇಡೀ ದಿನ ನೆಂಟರ ಮದುವೆಯಲ್ಲಿ ಊಟಕ್ಕೆ ಬಡಿಸುತ್ತಿದ್ದ. ಸೋಮವಾರ ಬಂದು, ಡಬ್ಬಿ ಇಲ್ಲವೆಂದು ತಿಳಿದು, ಗೊಣಗುತ್ತಾ ಬಸ್ ಹತ್ತಿದ.

ಯೂಸುಫನ ಅಂಗಡಿಗೆ ಹೋದಾಗ ಒಬ್ಬ ಮುದುಕ ರಿಪೇರಿಗೆ ಕೊಟ್ಟ ಗಡಿಯಾರವನ್ನು ಹಾಗೇ ವಾಪಸು ತೆಗೆದುಕೊಂಡು ಹೋಗುತ್ತಿದ್ದ. ಯೂಸುಫನ ಎದುರಿನ ಗಾಜಿನ ಪೆಟ್ಟಿಗೆ ಆಗಲೇ ಅರ್ಧ ಖಾಲಿ. ಊರು ತೀರ್ಪು ಕೊಡಲು ಪೊಲೀಸರ ದಾರಿ ಕಾಯುವುದಿಲ್ಲ.

"ಮುಂಜಾನಿಂದ ಹಿಂಗ ನಡದೈತ್ರಿ," ಅಂದ. "ಯಾರೂ ಏನೂ ಅನ್ನಾಂಗಿಲ್ಲ. 'ನಮ್ಮ ಗಡಿಯಾರ ಕೊಡಪಾ' ಅಂತಾರ, ಅಷ್ಟ."

"ನೀ ತೂಕದ ಮನಷ್ಯಾ. ಮಜೀದನ ಹೊನ್ನಿನ ತೂಕ ಎಷ್ಟು?"

"ನಾಕು ಗ್ರಾಂ, ಮ್ಯಾಲ ಎರಡು ಗುಂಜಿ." ತಡವಿಲ್ಲದೆ ಬಂತು ಉತ್ತರ.

"ಶಿವನಪ್ಪಂದು?"

ಯೂಸುಫ ಕೈಯಲ್ಲಿದ್ದ ಗಡಿಯಾರದ ಧೂಳು ಊದಿದ. ಧೂಳಿರಲಿಲ್ಲ.

"ಗೊತ್ತಿಲ್ರಿ."

"ಎಲ್ಲಾರದೂ ಗೊತ್ತೈತಿ, ಅವಂದಷ್ಟ ಗೊತ್ತಿಲ್ಲ?"

"ನಮ್ಮ ಬಳಗದಾಗ ಒಂದು ಪದ್ಧತಿ ಐತ್ರಿ. ಹೊಸಬರು ತಂದ ಮೊದಲನೇ ನಾಣ್ಯ ತೂಗಾಂಗಿಲ್ಲ. ಖುಷಿಲೇ ತಂದಿರ್ತಾರ. ಅವತ್ತ ತಕ್ಕಡಿ ತಗದ್ರ ಮಾರಿ ಸಣ್ಣದಾಗ್ತೈತಿ. ಭಾಳ ಚಲೋ ಐತಿ ಅಂದು, ಕೈಯಾಗ ತಗೊಂಡು ನೋಡಿ ಕೊಡೂದು."

"ಅದು ಒಂದು. ಉಳದ ಹನ್ನೊಂದು?"

ಯೂಸುಫ ತಲೆ ಎತ್ತಲಿಲ್ಲ. "ಮಾಸ್ತರ್ರು ತಕ್ಕಡಿ ತಗಿ ಅನಲಿಲ್ರಿ. ನಾನೂ ತಗೀಲಿಲ್ಲ."

* * *

ಪುರ್ತಗೇರಿಯ ಮನೆಯಲ್ಲಿ ಶಿವನಪ್ಪನ ಹೆಂಡತಿ ಫಕೀರವ್ವ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ಮೂರು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ಕೊರಳಲ್ಲಿ ಕರಿಮಣಿ, ಕೈಯಲ್ಲಿ ಗಾಜಿನ ಬಳೆ. ಬೇರೇನೂ ಇರಲಿಲ್ಲ.

"ನನ್ನ ಬಂಗಾರ ಎಲ್ಲಾ ಆ ಡಬ್ಬ್ಯಾಗ ಐತ್ರಿ," ಅಂದಳು. ಅಳುವ ದನಿಯಲ್ಲ, ಹೆಮ್ಮೆಯ ದನಿ. "ಬಸ್ ಸ್ಟ್ಯಾಂಡಿನಾಗ ಒಬ್ಬಾಂವ ಮಾರಾಕ ಬರ್ತಿದ್ದ. ಮೊದಲ ಒಂದ ತಂದಿದ್ರು, ಸಣ್ಣ ರೊಕ್ಕಕ್ಕ. ಮಾಸ್ತರ್ರು ನೋಡಿ ಶಾಭಾಸ್ ಅಂದ್ರಂತ. ಅಷ್ಟು ಓದಿದವ್ರು ಅಂದಮ್ಯಾಲ ಸುಳ್ಳಾಗ್ತೈತೇನ್ರಿ? ನಾನ ಕೈಯಾಗಿನ ಬಿಲ್ವಾರ, ಕೊರಳಾಗಿನ ಬೋರಮಾಳ ಬಿಚ್ಚಿ ಕೊಟ್ಟೆ. ಹನ್ನೊಂದು ತಂದ್ರು."

"ಆ ಮಾರಾಂವ ಈಗ ಎಲ್ಲಿದಾನ?"

"ಆಮ್ಯಾಲ ಬರಲೇ ಇಲ್ರಿ."

ದುರ್ಗಾ ಆ ಗಾಜಿನ ಬಳೆಗಳನ್ನು ನೋಡಿದಳು. ಆದರೂ ಕೇಳಬೇಕಾದ್ದನ್ನು ಕೇಳಿದಳು.

"ಹುಬ್ಬಳ್ಳಿಯಂವ ಬರೂದು ಯಾರಿಗೆ ಗೊತ್ತಿತ್ತವಾ?"

"ಯಾರಿಗೂ ಹೇಳಿದ್ದಿಲ್ರಿ. ಹೊರಗ ಮಾರೂ ಮುಂಚೆ ಬಳಗದವ್ರಿಗೆ ಕೇಳಬೇಕಂತ, ಅದು ಅವರ ಮರ್ಯಾದಿ. ಅವ್ರ ಹಂತ್ಯಾಕ ಅಷ್ಟು ರೊಕ್ಕ ಎಲ್ಲಿಂದ ಬರಬೇಕು? ಕೇಳಿದ್ರ ಅವ್ರಿಗೂ ನಾಚಿಕಿ, ನಮಗೂ ನಾಚಿಕಿ. ಮಾಸ್ತರ್ರಿಗೆ ಅಷ್ಟ ಹೇಳಿದ್ರು. ವ್ಯಾಪಾರಕ್ಕ ನೀವು ಬಾಜೂ ಕುಂದರ್ರಿ ಅಂತ."

ಹೊರಡುವಾಗ ಫಕೀರವ್ವ ಅವಳ ಕೈ ಹಿಡಿದಳು. "ಸಿಗತಾವಲ್ರಿ?"

ದುರ್ಗಾ ಚಪ್ಪಲಿ ಮೆಟ್ಟಿದಳು.

* * *

ಬುಧವಾರ ಮಧ್ಯಾಹ್ನ ನಾಲ್ವರನ್ನೂ ಮಾಳಿಗೆಗೆ ಕರೆಸಿದಳು. ಬಿಳಿ ಬಟ್ಟೆ ಹಾಸಿಸಿದಳು. ಮಜೀದನಿಗೆ ನಾಣ್ಯ ಇಡಲು, ಯೂಸುಫನಿಗೆ ತಕ್ಕಡಿ ಇಡಲು ಹೇಳಿದಳು.

"ಚಹಾಕ್ಕ ಹೋಗೂ ಮುಂಚೆ ನಾಣ್ಯದ ಮ್ಯಾಲ ಬಟ್ಟಿ ಮಡಚಿ ಮುಚ್ಚಾವ್ರು ಯಾರು?"

"ಮಾಸ್ತರ್ರು," ಅಂದ ಮಜೀದ. "ಯಾವಾಗ್ಲೂ ಅವ್ರ."

"ಅಂದ್ರ ಕಡೀಕ ಇಳಿಯಾವ್ರೂ ಅವ್ರ. ನಾ ಕೇಳಿದಾಗ ಎಲ್ಲಾರೂ ಕೂಡೇ ಇಳದ್ವಿ ಅಂದ್ರಿ. ಸುಳ್ಳಲ್ಲ. ಅವ್ರನ್ನ ನೀವು ಲೆಕ್ಕಕ್ಕ ಹಿಡೀಲಿಲ್ಲ, ಅಷ್ಟ." ಮಾಸ್ತರರ ಕಡೆ ತಿರುಗಿದಳು. "ಮಜೀದನ ಹೊನ್ನು ಬಿಟ್ಟು ಶಿವನಪ್ಪಂದು ಒಯ್ಯಬೇಕಂದ್ರ ಒಯ್ದವಗ ಬಂಗಾರದ ಆಸೆ ಇಲ್ಲ. ಹುಬ್ಬಳ್ಳಿಯಂವ ಅದನ್ನ ನೋಡಬಾರದು ಅಂತ ಒಯ್ದಾನ. ಅಂವ ಬರೂದು ಗೊತ್ತಿದ್ದದ್ದು ನಿಮಗೊಬ್ಬರಿಗೇ. ಖರೇ ಏನ್ರಿ ಸರ್?"

ಮಾಸ್ತರರು ವಾದಿಸಲಿಲ್ಲ. ಹೆಗಲಿನ ಚೀಲಕ್ಕೆ ಕೈ ಹಾಕಿ ಸ್ಟೀಲ್ ಡಬ್ಬಿ ತೆಗೆದು ಬಟ್ಟೆಯ ಮೇಲಿಟ್ಟರು.

"ಬಾವಿಗೆ ಒಗೀಬೇಕಂತ ಹೋಗಿದ್ದೆ. ಕೈ ಬರಲಿಲ್ಲ."

ಶಿವನಪ್ಪ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಕಣ್ಣಲ್ಲಿ ನೀರು. ಸಿಟ್ಟು ಬರುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ಸಿಕ್ಕೂವಲ್ರಿ! ಇರ್ಲಿ ಬಿಡ್ರಿ ಸರ್, ಯಾಕ ಒಯ್ದ್ರಿ, ಏನು, ನನಗೇನೂ ಬ್ಯಾಡ. ಇವತ್ತ ಸಾವಕಾರಗ ಫೋನ್ ಮಾಡ್ತೀನಿ."

ಯಾರೂ ನಗಲಿಲ್ಲ. ದುರ್ಗಾ ತಕ್ಕಡಿಯನ್ನು ಬಟ್ಟೆಯ ನಡುವೆ ಸರಿಸಿದಳು.

"ಯೂಸುಫ, ತೂಗು."

"ನಾ ತೂಗಾಂಗಿಲ್ರಿ ಮೇಡಂ." ಯೂಸುಫ ಕೈ ಹಿಂದಕ್ಕೆ ಕಟ್ಟಿಕೊಂಡ. "ಬೇಕಾದ್ರ ನನ್ನ ಒಳಗ ಹಾಕ್ರಿ."

ಶಿವನಪ್ಪ ಒಬ್ಬೊಬ್ಬರ ಮುಖ ನೋಡಿದ. ಮಜೀದ, ಯೂಸುಫ, ಮಾಸ್ತರರು. ಆಮೇಲೆ ತಾನೇ ಡಬ್ಬಿ ತೆರೆದ. ಒಂದು ತಟ್ಟೆಯಲ್ಲಿ ಮಜೀದನ ಹೊನ್ನು ಇಟ್ಟ. ಇನ್ನೊಂದರಲ್ಲಿ ತನ್ನದು. ಮಜೀದನ ತಟ್ಟೆ ಕೆಳಗಿಳಿಯಿತು. ತನ್ನದನ್ನು ತೆಗೆದು ಎರಡನೆಯದು ಇಟ್ಟ. ಮೂರನೆಯದು. ನಾಲ್ಕನೆಯದು. ಮಜೀದನ ತಟ್ಟೆ ಏಳಲೇ ಇಲ್ಲ. ಹನ್ನೆರಡನ್ನೂ ಒಂದೊಂದಾಗಿ ಇಟ್ಟು ನೋಡಿದ.

"ತಾಮ್ರದ ಮ್ಯಾಲ ಬಂಗಾರದ ನೀರು ಹೊಡದಾರ," ಅಂದರು ಮಾಸ್ತರರು ಮೆಲ್ಲಗೆ. "ಹನ್ನೆರಡಕ್ಕೂ ಸಿಂಹದ ಕಾಲಿನ ಹಂತ್ಯಾಕ ಒಂದ ಥರದ ತಗ್ಗು ಐತಿ. ಒಂದ ಅಚ್ಚಿನಾಗ ಎರಕಾ ಹೊಯ್ದಾರ. ಕೈಲೆ ಬಡದ ನಾಣ್ಯ ಎರಡು ಎಂದೂ ಒಂದ ಥರಾ ಇರಾಂಗಿಲ್ಲ."

"ಯಾವಾಗ ಗೊತ್ತಾತ್ರಿ ನಿಮಗ?" ಅಂದ ಶಿವನಪ್ಪ.

"ಮೊದಲನೇದು ತಂದ ದಿನಾನ ಸಂಶೆ ಇತ್ತು. ಎಷ್ಟು ಖುಷಿಲೇ ತಂದಿದ್ಯೋ ಶಿವನಪ್ಪ. ಹ್ಯಾಂಗ ಹೇಳ್ಲಿ? ಮುಂದಿನ ತಿಂಗಳ ಹೇಳೂಣು ಅಂದ್ಕೊಂಡೆ. ಮುಂದಿನ ತಿಂಗಳ ನೀ ಹನ್ನೊಂದು ತಂದಿ. ಆಮ್ಯಾಲ ಬಾಯಿ ಬರಲಿಲ್ಲ. ಹುಬ್ಬಳ್ಳಿಯಂವ ನಿನ್ನ ಮಾರಿ ಮ್ಯಾಲ ನಗತಾನ ಅಂತ ಒಯ್ದೆ. ಕಳುವಾತು ಅಂದ್ರ ಜನ ಕನಿಕರ ಪಟ್ಟು ಆಪರೇಶನ್ನಿಗೆ ಏನಾರ ಕೂಡಿಸಿ ಕೊಡ್ತಾರ ಅಂದ್ಕೊಂಡೆ."

"ಯೂಸುಫನ ಅಂಗಡಿ ಖಾಲಿ ಆತಲ್ರಿ," ಅಂದಳು ದುರ್ಗಾ. "ಅದನ್ನ ನೋಡ್ಕೋತ ಮೂರು ದಿನ ಸುಮ್ಮನ ಇದ್ರಿ. ಆವಾಗೂ ಬಾಯಿ ಬರಲಿಲ್ಲೇನು?"

ಮಾಸ್ತರರು ಖಾಲಿ ಚೀಲವನ್ನು ಮಡಚತೊಡಗಿದರು. ಮರ್ಯಾದಸ್ಥರ ಹೇಡಿತನಕ್ಕೆ ಕನ್ನಡದಲ್ಲಿ ಇನ್ನೂ ಒಳ್ಳೆಯ ಹೆಸರು ಹುಟ್ಟಿಲ್ಲ.

ಶಿವನಪ್ಪ ಮಜೀದನತ್ತ ನೋಡಿದ. "ನಿಮಗೂ ಗೊತ್ತಿತ್ತು?"

ಮಜೀದ ಹೌದೆಂದು ತಲೆಯಾಡಿಸಿದ. ಯೂಸುಫ ಅಳುತ್ತಿದ್ದ.

"ಅವತ್ತ ಹೇಳಿದ್ರ ನನಗ ಒಂದ ಹೊನ್ನಿನ ದುಃಖ ಆಗ್ತಿತ್ರಿ ಸರ್," ಅಂದ ಶಿವನಪ್ಪ. ಅವನ ದನಿ ಏರಲಿಲ್ಲ. "ನಾಕ ದಿನ ನಿಮ್ಮ ಜೋಡಿ ಮಾತು ಬಿಡ್ತಿದ್ದೆ. ಫಕೀರವ್ವನ ಬಿಲ್ವಾರ ಫಕೀರವ್ವನ ಕೈಯಾಗ ಇರ್ತಿದ್ದೂ."

"ದೂರು ಏನ ಮಾಡ್ಲಿ?" ಅಂತ ದುರ್ಗಾ ಕೇಳಿದಳು. ಕೇಳಿದ ಮೇಲೆ ಆ ಪ್ರಶ್ನೆ ಅವಳಿಗೇ ಬೇಸರ ತಂದಿತು. ಮಾಸ್ತರರನ್ನು ಜೈಲಿಗೆ ಹಾಕಿದರೆ ಯಾರ ಎದೆ ಸರಿಯಾಗುತ್ತದೆ? ಮೋಸ ಮಾಡಿ ಮಾರಿದವನ ಹೆಸರೂ ಯಾರಿಗೂ ಗೊತ್ತಿಲ್ಲ.

ಆಗ ಶಿವನಪ್ಪನ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವನು ದನಿ ದೊಡ್ಡದು ಮಾಡಿಕೊಂಡಿದ್ದ. ಫಕೀರವ್ವನ ಮಾತು ಎಲ್ಲರಿಗೂ ಕೇಳಿಸಿತು.

"ಏನಾತ್ರಿ? ಸಿಕ್ಕೂವೇನು?"

ಅವನು ಬಟ್ಟೆಯ ಮೇಲಿನ ಹನ್ನೆರಡು ಬಿಲ್ಲೆ ನೋಡಿದ. ಆ ಕಡೆ ಅವಳ ಉಸಿರು ಎಳೆಯುವುದು ಕೇಳಿಸುತ್ತಿತ್ತು.

"ಸಿಕ್ಕೂವು," ಅಂದ.

"ಖರೇನ?"

"ಖರೇ. ಹನ್ನೆರಡೂ ಅದಾವ. ನೀ ಅಂಜಬ್ಯಾಡ. ದವಾಖಾನ್ಯಾಗ ಉಡೂ ಅರಿವಿ ಕಟ್ಟಿಟ್ಕೊ."

ಫೋನ್ ಜೇಬಿಗೆ ಹಾಕಿ, ಬಿಲ್ಲೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದ. ಆಕೆಗೆ ನಿಜ ಹೇಳು ಅನ್ನುವ ಮಾತು ದುರ್ಗಾಳ ಬಾಯಿಯವರೆಗೆ ಬಂತು. ಅವಳೂ ಹೇಳಲಿಲ್ಲ.