‘ತುಕ್ಕು’ ಬ್ಯಾಂಡಿನ ಅಜ್ಜಿ ಹಾಡು

“ಮೇಘಶ್ರೀ, ನೀನು ಕೂತ್ಕೋಮ್ಮ. ಇವತ್ತು ನಿನ್ನ ಹೋಮ್‌ವರ್ಕ್ ಕೇಳಲ್ಲ.”

ಗಣಿತದ ನೀಲಾಂಬಿಕೆ ಮಿಸ್ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಐದನೇ ಕ್ಲಾಸಿನ ಯಾರೂ ಕೇಳಿರಲಿಲ್ಲ. ಮೇಘಶ್ರೀ ತಬ್ಬಿಬ್ಬಾದಳು. ಭಾಗಾಕಾರದ ಹತ್ತು ಲೆಕ್ಕದಲ್ಲಿ ಒಂದನ್ನೂ ಅವಳು ಮಾಡಿರಲಿಲ್ಲ.

“ನಿಮ್ಮಣ್ಣನ ಹಾಡು ಕೇಳ್ದೆ. ಅಳು ಬಂದ್ಬಿಡ್ತು. ಅಜ್ಜಿ ಹೋಗ್ಬಿಟ್ರಾ?”

ಅಣ್ಣ ಪೃಥ್ವಿರಾಜ್ ಸೆಕೆಂಡ್ ಪಿಯುಸಿ. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಮನೆಯ ಕಾರ್ ಶೆಡ್ಡಿನಲ್ಲಿ ರಾಕ್ ಬ್ಯಾಂಡ್ ಕಟ್ಟಿದ್ದರು. ಹೆಸರು ‘ತುಕ್ಕು’. ಹಳೇ ಕಾಲದ ಸೌಂಡ್ ಬರಬೇಕಂತೆ. ಗಿಟಾರ್ ಹೊಸದು, ಲ್ಯಾಪ್‌ಟಾಪ್ ಹೊಸದು. ಹಾಡು ಮುಗಿದ ಮೇಲೆ ಅದಕ್ಕೆ ಹಳೇ ರೇಡಿಯೊದ ಕರಕರ ಸದ್ದು ಸೇರಿಸುವುದೇ ದೊಡ್ಡ ಕೆಲಸ. ಡ್ರಮ್ಸ್ ಬಾರಿಸುವ ನಿಶ್ಚಲ್, “ಆ ಕಾಲಾನೇ ಬೇರೆ ಮಗಾ” ಎಂದು ನಿಟ್ಟುಸಿರು ಬಿಡುತ್ತಿದ್ದ. ಅವನಿಗೆ ಹದಿನೇಳು ವರ್ಷ.

“ಬ್ಯಾಂಡಿಗೆ ತುಕ್ಕು ಅಂತ ಎಸ್ರಾ? ಸೀಮೆಎಣ್ಣೆ ಆಕಿ ಉಜ್ರುಲಾ” ಎಂದು ಅಜ್ಜಿ ದೊಡ್ಡತಾಯಮ್ಮ ನಕ್ಕಿದ್ದಳು.

ಆ ಅಜ್ಜಿಯ ಫೋಟೊವನ್ನೇ ಕಪ್ಪುಬಿಳುಪು ಮಾಡಿ, ಅಣ್ಣ ಮೊನ್ನೆ ಹೊಸ ಹಾಡನ್ನು ಯೂಟ್ಯೂಬಿಗೆ ಹಾಕಿದ್ದ.

ಆರಿತು ಒಲೆ, ಅಜ್ಜಿ, ನೀನಿಲ್ಲದೆ,
ಮೂಲೆಲಿ ಕೋಲು ಒಂಟಿಯಾಗಿದೆ...

ಚನ್ನರಾಯಪಟ್ಟಣದಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಅದೇ. ನಿನ್ನೆ ಹಿರೀಸಾವೆಯಿಂದ ಚೆನ್ನಯ್ಯಮಾವ ಅಳುತ್ತ ಫೋನ್ ಮಾಡಿದ್ದ. ಎತ್ತಿದ್ದು ಅಜ್ಜಿಯೇ. “ನನ್ನ ಮಣ್ಣು ಮಾಡೋದು ಎಷ್ಟೊತ್ಗೆ ಅಂತ ನನ್ನೇ ಕೇಳ್ದ ಕಣವ್ವ. ‘ಉಂಡ್ಬುಟ್ಟು ಯೋಳ್ತೀನಿ ಇರು’ ಅಂದೆ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈಗ ಮಿಸ್ ಕಾಯುತ್ತಿದ್ದರು. ಅಜ್ಜಿ ಬೆಳಿಗ್ಗೆ ತಾನೇ ಮೇಘಶ್ರೀಗೆ ಜಡೆ ಹಾಕಿದ್ದಳು. ಆದರೆ ಹತ್ತು ಲೆಕ್ಕ!

“ಹೂಂ ಮಿಸ್” ಎಂದಳು ಮೇಘಶ್ರೀ.

ಪಕ್ಕದ ತ್ರಿಷಾ ತನ್ನ ಹೊಸ ರಬ್ಬರನ್ನೇ ಅವಳ ಕೈಗಿಟ್ಟಳು. ಮಿಸ್ ಮೂಗು ಒರೆಸಿಕೊಂಡರು. “ಎಲ್ರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ.”

ಕ್ಲಾಸು ಗಪ್‌ಚುಪ್ ನಿಂತಿತು. ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಆಮೇಲೆ ಬಾಗಿಲಲ್ಲಿ ಒಂದು ಹೆಲ್ಮೆಟ್ ಇಣುಕಿತು.

“ಮೇಡಂ, ನಮ್ಮ ಮೇಘ ಟಿಫನ್ ಬಾಕ್ಸ್ ಬುಟ್ಬುಟ್ಟು ಬಂದವ್ಳೆ.” ದೊಡ್ಡತಾಯಮ್ಮ ಹೆಲ್ಮೆಟ್ ತೆಗೆದು ಕಣ್ಣರಳಿಸಿದಳು. “ಅಯ್, ನಂಗೆ ಯಾಕ್ ಎದ್ ನಿಂತ್ಕಂಡ್ರಿ? ಕೂತ್ಕಳಿ ಮಕ್ಳಾ!”

ಯಾರೂ ಕೂರಲಿಲ್ಲ. ಹಿಂದಿನ ಬೆಂಚಿನ ಭರತೇಶ್ “ದೆವ್ವ!” ಎಂದ.

“ನೀವು... ಹಾಡಲ್ಲಿ...” ಮಿಸ್ ತೊದಲಿದರು. “ಮೇಘಶ್ರೀನೂ ಹೂಂ ಅಂದ್ಲು...”

ಅಜ್ಜಿ ಮೊಮ್ಮಗಳನ್ನು ನೋಡಿದಳು. ಮೇಘಶ್ರೀ ನೆಲ ನೋಡಿದಳು.

“ಮೊಮ್ಮಗ ಆಡ್ಬುಟ್ಟವ್ನೆ ಮೇಡಂ. ನಾನಿನ್ನೂ ಓಗಿಲ್ಲ” ಎಂದಷ್ಟೇ ಹೇಳಿ, ಬಾಕ್ಸ್ ಇಟ್ಟು ಅಜ್ಜಿ ಹೊರಟುಹೋದಳು. ತ್ರಿಷಾ ರಬ್ಬರ್ ವಾಪಸ್ ಕಿತ್ತುಕೊಂಡಳು.

ಸಂಜೆ ಶೆಡ್ಡಿನಲ್ಲಿ ಪ್ರಾಕ್ಟೀಸ್. ಅಜ್ಜಿ ಕುರ್ಚಿ ಎಳೆದುಕೊಂಡು ಬ್ಯಾಂಡಿನ ಎದುರಿಗೇ ಕೂತಳು. ಮೇಘಶ್ರೀ ಅವಳ ಕಾಲ ಬಳಿ ಕೂತಳು.

“ಆಡ್ಲಾ, ನಾನೂ ಕೇಳನ.”

ಅಣ್ಣ ಎರಡು ಸಾಲು ಹಾಡಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟ.

“ಇದ್ಯಾರ ಅಜ್ಜೀಲಾ?” ಎಂದಳು ಅಜ್ಜಿ. “ನಾನ್ಯಾವತ್ಲಾ ಕೋಲ್ ಇಡ್ಕಂಡಿದ್ದೆ? ಒಲೆ ಅಂತೆ! ನೀನ್ ಉಟ್ಟಾಗಿಂದ ನಮ್ಮನೇಲಿ ಗ್ಯಾಸೇಯ.”

“ಅದು ಫೀಲಿಂಗ್ ಅಜ್ಜಿ. ನಾಸ್ಟಾಲ್ಜಿಯಾ.”

“ಅದ್ಯಾವ ಕಾಯ್ಲೆಲಾ?”

ನಿಶ್ಚಲ್ ಡ್ರಮ್ಸ್ ಹಿಂದೆ ಮುಖ ಮರೆಸಿಕೊಂಡ. ಅಣ್ಣ ಗಿಟಾರಿನ ತಂತಿ ತಿರುಚುತ್ತ ನಿಂತ. ಮೇಘಶ್ರೀಗೆ ನಗು ಉಕ್ಕಿ ಬಂತು. ನಗಲು ಬಾಯಿ ತೆರೆದವಳು, ತಾನು ಹೂಂ ಎಂದದ್ದು ನೆನಪಾಗಿ ಹಾಗೇ ಮುಚ್ಚಿದಳು. ಕ್ಲಾಸಿನ ವಿಷಯವನ್ನು ಅಜ್ಜಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹುಡುಗರು ಹೋದ ಮೇಲೆ ಮೇಘಶ್ರೀ ಮೆಲ್ಲಗೆ ಹೇಳಿದಳು: “ಅಜ್ಜಿ, ಹೋಮ್‌ವರ್ಕ್ ಮಾಡಿರ್ಲಿಲ್ಲ. ಅದಕ್ಕೇ ಹೂಂ ಅಂದ್ಬುಟ್ಟೆ.”

“ಗೊತ್ತಾಯ್ತು ಬುಡು.”

ಮೇಘಶ್ರೀ ಕಾದಳು. ಈಗ ಅಜ್ಜಿ ಏನಾದರೂ ತಮಾಷೆ ಮಾಡುತ್ತಾಳೆ, ಇಬ್ಬರೂ ನಗಬಹುದು. ಚೆನ್ನಯ್ಯಮಾವನ ಫೋನಿಗೂ ನಕ್ಕವಳು, ಅಣ್ಣನ ಹಾಡಿಗೂ ತಮಾಷೆ ಮಾಡಿದವಳು ಅಜ್ಜಿ.

ಮೇಘಶ್ರೀಯ ‘ಹೂಂ’ಗೆ ಮಾತ್ರ ಅಜ್ಜಿ ನಗಲಿಲ್ಲ. ಮೊಮ್ಮಗಳ ತಲೆ ಸವರುತ್ತ ಕೂತಿದ್ದಳು.

ಮೇಘಶ್ರೀ ಅಜ್ಜಿಯ ಮೊಣಕಾಲಿಗೆ ಮುಖ ಒತ್ತಿದಳು.