ರೀಲು ಹೋದ ಡಬ್ಬಿಯಲ್ಲಿ ಬೆಲ್ಲ

"ಲಾಯರಮ್ಮಾರೆ, ನಮ್ಮ ಕೊಲೆಗಾರನ್ನ ಯಾರೋ ಕದ್ದೊಯ್ದಾರೆ!"

ಬೆಳಿಗ್ಗೆ ಕಚೇರಿಯ ಕಸ ಇನ್ನೂ ಗುಡಿಸಿರಲಿಲ್ಲ. ಬಾಗಿಲು ತಳ್ಳಿಕೊಂಡು ಬಂದ ಹುಡುಗ ಹೀಗೆ ಕೂಗಿದ್ದೇ ನನಗೆ ಸಿಟ್ಟು ನೆತ್ತಿಗೇರಿತು.

"ಲೇ, ಇದು ವಕೀಲರ ಮನೆ. ಚಪ್ಪಲಿ ಹೊರಗೆ ಬಿಡು. ಕೊಲೆ ಆಗಿದ್ರೆ ಪೊಲೀಸ್ ಸ್ಟೇಷನ್ ಆ ಕಡೆ ಐತೆ" ಅಂದೆ.

"ಕೊಲೆ ಆಗಿಲ್ಲಣ್ಣ. ಕೊಲೆ ಪಿಚ್ಚರಲ್ಲೈತೆ. ಪಿಚ್ಚರೇ ಹೋಗೈತೆ!"

ಒಳಗಿನಿಂದ ಸರ್ವಮಂಗಳ ಅಮ್ಮನವರು ನಕ್ಕಿದ್ದು ಕೇಳಿಸಿತು. "ಗೊಲ್ಲಪ್ಪ, ಅವನಿಗೆ ನೀರು ಕೊಡು. ಆಮೇಲೆ ಬೈಯುವಿಯಂತೆ."

ನಾನು ಮತ್ತೋಡಿನವನು. ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ, ದುರ್ಗಕ್ಕೆ ಬಂದು, ದೊಡ್ಡಪೇಟೆಯಲ್ಲಿ ಅಮ್ಮನವರ ಗುಮಾಸ್ತನಾಗಿದ್ದೆ. ಅವರ ಹತ್ತಿರ ಕೇಸು ಹಿಡಿದು ಬರುವವರಿಗಿಂತ ಒಗಟು ಹಿಡಿದು ಬರುವವರೇ ಹೆಚ್ಚು. ಕೋರ್ಟಿನಲ್ಲಿ ಎದುರಾಳಿಯನ್ನು ಎಷ್ಟು ಮೆತ್ತಗೆ ಮಾತಾಡಿಸುತ್ತಿದ್ದರೋ ಕಳ್ಳನನ್ನೂ ಅಷ್ಟೇ ಮೆತ್ತಗೆ ಮಾತಾಡಿಸುತ್ತಿದ್ದರು. ನನಗೆ ಅದು ಹಿಡಿಸುತ್ತಿರಲಿಲ್ಲ. ಆದರೆ ಕಳ್ಳರು ಸಿಕ್ಕಿಬೀಳುತ್ತಿದ್ದುದು ಅವರ ಕೈಗೇ ಹೊರತು ನನ್ನ ಕೈಗಲ್ಲ.

ಹುಡುಗನ ಹೆಸರು ಸಣ್ಣಪ್ಪ. ಯಲ್ಲದಕೆರೆಯ ಕುರಿಗಾರರ ಮಗ. ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು, ಉಚಿತ ಹಾಸ್ಟೆಲಿನಲ್ಲಿ ಇದ್ದ. ಅವನೂ ಅವನ ಗೆಳೆಯರೂ ಸೇರಿ ವರ್ಷವೆಲ್ಲ ಒದ್ದಾಡಿ 'ಏಳನೇ ಸುತ್ತಿನ ಕೊಲೆ' ಎಂಬ ಪತ್ತೇದಾರಿ ಚಿತ್ರ ತೆಗೆದಿದ್ದರು. ಮಾತಿಲ್ಲದ ಫಿಲ್ಮು. ಪರದೆಯ ಪಕ್ಕ ಮೈಕು ಹಿಡಿದು ಹುಡುಗರೇ ಮಾತಾಡುವುದು. ಆ ದಿನ ಸಂಜೆ ಹಾಸ್ಟೆಲ್ ಅಂಗಳದಲ್ಲಿ ಪ್ರದರ್ಶನವಿತ್ತು.

"ನಾಕು ರೀಲಿನ ಪಿಚ್ಚರು. ಮೂರು ಅವೆ, ಕಡೇದು ಇಲ್ಲ. ಕೊಲೆಗಾರ ಯಾರು ಅಂತ ತಿಳಿಯಾದೇ ಅದ್ರಾಗೆ" ಎಂದು ಸಣ್ಣಪ್ಪ ಮೂಗು ಒರೆಸಿಕೊಂಡ. "ವಾರ್ಡನ್ ಈರಬಸಪ್ಪ ಮೇಷ್ಟ್ರು ಹೇಳಿಬಿಟ್ಟಾರೆ. 'ಓದೋದು ಬಿಟ್ಟು ಪಿಚ್ಚರು ತೆಗ್ದಿದ್ದೀಯ. ಇವತ್ತು ಸಂಜೆ ಪೂರ್ತಿ ಪಿಚ್ಚರು ತೋರ್ಸು, ಇಲ್ಲ ಹಾಸಿಗೆ ಸುತ್ಕಂಡು ಊರಿಗೆ ಹೊರಡು' ಅಂತ. ಹಾಸ್ಟೆಲ್ ಹೋದ್ರೆ ನನ್ನ ಓದು ಹೋತು. ಕುರಿ ಹಿಂದೆ ಹೋಗಾದೇ."

"ಕುರಿ ಕಾಯೋದು ಕೆಟ್ಟ ಕೆಲಸವೇನಲೆ?" ಎಂದೆ.

"ನಾನೆಲ್ಲಿ ಕೆಟ್ಟದ್ದು ಅಂದೆ? ನನ್ನ ಕೈಲಿ ಆಗಲ್ಲ ಅಂದೆ. ನಮ್ಮಪ್ಪನೇ ಅಂತಾನೆ, ನಿನ್ನ ಕೈಗೆ ಕೊಟ್ರೆ ಮಂದೆ ಸೀದಾ ಆಂಧ್ರ ಸೇರ್ತೈತೆ ಅಂತ."

ಅಮ್ಮನವರು ಛತ್ರಿ ತೆಗೆದುಕೊಂಡರು. "ಹೋಗಾಣ ನಡಿ. ದಾರಿಯಲ್ಲಿ ನಿನ್ನ ಕತೆ ಹೇಳು."

ದಾರಿಯುದ್ದಕ್ಕೂ ಹುಡುಗ ಸಂಕಟ ಮರೆತು ಕತೆ ಹೇಳಿದ. ಎಲ್ಲ ಪತ್ತೇದಾರಿ ಪಿಚ್ಚರಿನಲ್ಲೂ ಇರುವುದು ಇದರಲ್ಲೂ ಇತ್ತು. ಗೋಡೆಯ ಮೇಲೆ ನೆರಳು, ಬರೀ ಬೂಟುಗಾಲು, ಕೈಗವಸು ತೊಟ್ಟ ಕೈ, ಒಬ್ಬ ಸಿ.ಐ.ಡಿ. ಮಂಜು ಬೇಕಾಗಿತ್ತಂತೆ. ದುರ್ಗದ ಬಿಸಿಲಿಗೆ ಮಂಜೆಲ್ಲಿ? ಅವರಪ್ಪನ ಕುರಿಮಂದೆಯನ್ನು ಕೋಟೆಯ ಬುಡದಲ್ಲಿ ಓಡಿಸಿ ಧೂಳೆಬ್ಬಿಸಿದ್ದರು. "ಮಂಜಿನಾಗಿಂದ ಒಂದು ಟಗರು ಇಣುಕ್ತೈತೆ. ಅದನ್ನೂ ಅನುಮಾನದ ಮೇಲೆ ಹಿಡೀತೀವಿ" ಅಂದ.

"ಕಡೆಗೆ ಹೊಡೆದಾಟ ಇರಬೇಕಲ್ಲ? ಪೊಲೀಸ್ ಜೀಪು?" ಎಂದು ಕೇಳಿದೆ. ಹಣ ಕೊಟ್ಟು ನೋಡುವವನು ಕೇಳುವ ಮಾತು.

"ಎರಡೂ ಇಲ್ಲಣ್ಣ. ಸಿ.ಐ.ಡಿ.ನೇ ಕೊಲೆಗಾರ. ಕೊನೇಗೆ ಬಂಡೆ ಮೇಲಿಂದ ಬಿದ್ದು ಸಾಯ್ತಾನೆ. ಚಟ್ಟದ ಮೇಲೆ ಹೊತ್ಕಂಡು ಹೋಗ್ತೀವಿ. ಮುಗೀತು. ಶುಭಂ ಕೂಡ ಹಾಕಲ್ಲ."

"ಇದೆಂಥ ಪಿಚ್ಚರಲೆ! ನಾನಾಗಿದ್ರೆ ಕುರ್ಚಿ ಎತ್ತಿ ಒಗೀತಿದ್ದೆ!"

"ಶಿವಕುಮಾರಪ್ಪನೂ ಹಂಗೇ ಅಂದ."

ಶಿವಕುಮಾರಪ್ಪನೇ ಸಿ.ಐ.ಡಿ. ಪಾತ್ರದವನು. ಹೊಸದುರ್ಗದ ಅಂಗಡಿಕಾರರ ಮಗ, ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ. ಹೀರೋ ಗೆಲ್ಲಲೇಬೇಕು, ಫೈಟಿಂಗ್ ಇರಲೇಬೇಕು ಎಂದು ಸಣ್ಣಪ್ಪನ ಜೊತೆ ಜಗಳವಾಡಿದ್ದ. ನನ್ನ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು.

ಹಾಸ್ಟೆಲಿನಲ್ಲಿ ಸಣ್ಣಪ್ಪನ ಕೋಣೆಯ ಟ್ರಂಕನ್ನು ಅಮ್ಮನವರು ತೆರೆದರು. ಅದಕ್ಕೆ ಬೀಗವಿರಲಿಲ್ಲ. ಒಳಗೆ ನಾಲ್ಕು ತಗಡಿನ ಡಬ್ಬಿಗಳಿದ್ದವು. ಮುಚ್ಚಳದ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ನಾಲ್ಕನೆಯದನ್ನು ತೆರೆದರೆ ರೀಲಿಲ್ಲ. ಅದರ ಜಾಗದಲ್ಲಿ ಒಂದು ಅಚ್ಚು ಬೆಲ್ಲ ಕೂತಿತ್ತು.

"ನೋಡ್ರಿ ಮೇಡಂ, ಕಳ್ಳನ ಗುರುತು!" ಎಂದು ಸಣ್ಣಪ್ಪ ಪಿಸುಗುಟ್ಟಿದ. "ಇಂಗ್ಲಿಷ್ ಪಿಚ್ಚರಾಗೆ ಇಸ್ಪೀಟು ಎಲೆ ಬಿಟ್ಟು ಹೋಗ್ತಾರೆ. ಇವನು ಬೆಲ್ಲ ಬಿಟ್ಟಾನೆ. ಬಲೇ ಕಿಲಾಡಿ!"

ಅಮ್ಮನವರು ಉಳಿದ ಮೂರು ಡಬ್ಬಿಗಳನ್ನೂ ಬಿಚ್ಚಿ ನೋಡಿದರು. ಮೂರರಲ್ಲೂ ಫಿಲ್ಮಿನ ತುದಿಯನ್ನು ಯಾರೋ ಮಾರುದ್ದ ಎಳೆದು, ಹರಿಯದ ಹಾಗೆ, ಆದರೆ ಸಡಿಲವಾಗಿ ಮತ್ತೆ ಸುತ್ತಿದ್ದರು.

"ನಿನ್ನೆ ಹಿಂಗಿರಲಿಲ್ರಿ" ಎಂಬ ಮಾತು ಬಾಗಿಲಿನಿಂದ ಬಂತು. ಪ್ರೊಜೆಕ್ಟರಿನ ರಂಗಪ್ಪ. ಬಬ್ಬೂರು ಫಾರಂನಲ್ಲಿ ರೈತರಿಗೆ ಬೇಸಾಯದ ಪಿಚ್ಚರು ತೋರಿಸುವವನು, ಯಂತ್ರ ಹೊತ್ತು ಬಂದಿದ್ದ. "ಮಧ್ಯಾಹ್ನ ನಾನೇ ಬಿಗಿಯಾಗಿ ಸುತ್ತಿಟ್ಟಿದ್ದೆ." ಅವನು ಕಪ್ಪು ಕನ್ನಡಕ ಹಾಕಿದ್ದ. ಸಣ್ಣಪ್ಪ ನನ್ನ ಪಕ್ಕೆ ತಿವಿದ. ನಾನು ನುಗ್ಗಿ ರಂಗಪ್ಪನ ಕನ್ನಡಕ ಕಿತ್ತುಬಿಟ್ಟೆ.

ಒಳಗಿದ್ದದ್ದು ಎರಡು ಕೆಂಪು ಕಣ್ಣು. "ಮದ್ರಾಸ್ ಐ ಕಣ್ರಿ! ಮುಟ್ಟಿದೋರಿಗೂ ಬರ್ತೈತೆ!" ಎಂದು ಅರಚಿದ. ನಾನು ಬಚ್ಚಲಿಗೆ ಓಡಿ ಸೋಪು ಹಾಕಿ ಕೈ ತೊಳೆದು ಬಂದೆ. ಅಮ್ಮನವರು ತಲೆ ಎತ್ತಲೂ ಇಲ್ಲ.

"ನಿನ್ನೆ ಈ ಕೋಣೆಯಲ್ಲಿ ಒಬ್ಬೊಬ್ಬರೇ ಇದ್ದವರು ಯಾರು?" ಎಂದು ಕೇಳಿದರು.

ಸಣ್ಣಪ್ಪ ಯೋಚಿಸಿ ಹೇಳಿದ. ಸಂಜೆ ಶಿವಕುಮಾರಪ್ಪನ ಅಜ್ಜಿ ಕೊಟ್ರಮ್ಮ ಹುಡುಗರಿಗೆಲ್ಲ ಹೋಳಿಗೆ ಮಾಡಿ ತಂದಿದ್ದರು. ಹುಡುಗರು ಊಟದ ಮನೆಯಲ್ಲಿ ಮುತ್ತಿಕೊಂಡು ತಿನ್ನುವಾಗ ಅಜ್ಜಿ ಒಂದು ಸುತ್ತು ಬಡಿಸಿ, ಮಂಡಿ ನೋವೆಂದು ಇಲ್ಲಿ ಬಂದು ಕೂತಿದ್ದರು. ಆಮೇಲೆ ಅಡುಗೆಯ ನಿಂಗಕ್ಕ ಕಸ ಗುಡಿಸಿದ್ದಳು. ವಾರ್ಡನ್ ಎಂದಿನಂತೆ ಬಂದು ಬೀಡಿ ವಾಸನೆ ಇದೆಯೇ ಎಂದು ಮೂಸಿ ಹೋಗಿದ್ದರು. ರಂಗಪ್ಪ ಯಂತ್ರದ ವೈರು ಬಿಟ್ಟು ಹೋಗಲು ಬಂದಿದ್ದ. ಶಿವಕುಮಾರಪ್ಪ ಬಾಚಣಿಗೆ ಹುಡುಕಿಕೊಂಡು ಬಂದಿದ್ದ.

ನಿಂಗಕ್ಕನನ್ನು ಅಡುಗೆ ಮನೆಯಲ್ಲೇ ಕಂಡೆವು. ಬೆಲ್ಲ ತೋರಿಸಿದ್ದೇ ಸೊಂಟದ ಮೇಲೆ ಕೈ ಇಟ್ಟಳು. "ನಂದಾ? ನಮ್ಮ ವಾರ್ಡನ್ ಸಾಹೇಬ್ರು ಬೆಲ್ಲ ತರ್ಸಿ ತಿಂಗಳಾತು. ಪಾಯ್ಸ ಅಂದ್ರೆ ಏನು ಅಂತ ಮರ್ತೋಗೈತೆ ಹುಡುಗ್ರಿಗೆ. ಬೆಲ್ಲ ಸಿಕ್ಕಿದ್ರೆ ಡಬ್ಬಿಗೆ ಯಾಕೆ ಹಾಕ್ಲಿ, ಬಾಯಿಗೆ ಹಾಕ್ಕಂತಿದ್ದೆ."

"ಪಿಚ್ಚರಲ್ಲಿ ಚಟ್ಟ ಕಟ್ಟಿದ್ದು ಗೊತ್ತೇನಮ್ಮ?" ಎಂದರು ಅಮ್ಮನವರು.

"ಗೊತ್ತಿಲ್ದೆ ಏನು? ಏಣಿ ಕೊಟ್ಟೋಳೇ ನಾನು. ಹೂವು ಸಾಲ್ದು ಅಂತ ತುಂಬೆ ಹೂ ಕಿತ್ತು ಹಾಕ್ದೆ. ಅಯ್ಯೋ, ನಕ್ಕೂ ನಕ್ಕೂ ಸಾಕಾತು."

ಅಷ್ಟರಲ್ಲಿ ಶಿವಕುಮಾರಪ್ಪ ಬಂದ. ಬುಧವಾರ, ಹಬ್ಬವಲ್ಲ ಹುಣ್ಣಿಮೆಯಲ್ಲ. ಆದರೂ ತಲೆಗೆ ಎಣ್ಣೆ ನೀರು ಹಾಕಿಸಿಕೊಂಡು ಸೀಗೆಪುಡಿ ಘಮಘಮಿಸುತ್ತಿತ್ತು. ತೋಳಿನಲ್ಲಿ ಹೊಸ ತಾಯಿತ.

"ಲೇ, ರೀಲೆಲ್ಲಿ?" ಎಂದು ಅವನ ಅಂಗಿ ಹಿಡಿದೆ.

"ನಾನ್ಯಾಕ್ ಕದೀಲಿ ಗೊಲ್ಲಪ್ಪಣ್ಣ? ಫೈಟಿಂಗ್ ಇಲ್ಲ ಅಂತ ಜಗಳ ಆಡಿದ್ದು ನಿಜ. ಆದ್ರೆ ಆ ರೀಲಾಗೆ ನಾನು ಸಾಯೋದೈತಲ್ಲ, ಅದನ್ನ ನೋಡಿದ್ರೆ ನೀವೇ ಅಳ್ತೀರಿ. ಅಂಥಾ ಆಕ್ಟಿಂಗು!"

"ತಾಯಿತ ಯಾವಾಗ ಕಟ್ಟಿಸಿಕೊಂಡೆಯಪ್ಪ?" ಎಂದರು ಅಮ್ಮನವರು.

"ನಮ್ಮಜ್ಜಿ ನಿನ್ನೆ ಸಂಜೆಯಿಂದ ಹಿಂಗೇ ರೀ. ಹೋಳಿಗೆ ಕೊಟ್ಟು ಬಂದೋರೇ ದೃಷ್ಟಿ ತೆಗೆದ್ರು. ಬೆಳಿಗ್ಗೆ ಎಣ್ಣೆ ಹಚ್ಚಿ ಕುದಿಯೋ ನೀರು ಹಾಕಿದ್ರು. ಚರ್ಮ ಸುಲ್ದಂಗಾಗೈತೆ."

ಅಮ್ಮನವರು ಛತ್ರಿ ಮಡಿಸಿ ನನ್ನ ಕೈಗಿಟ್ಟರು. "ಗೊಲ್ಲಪ್ಪ, ಎಲ್ಲರನ್ನೂ ಊಟದ ಮನೆಗೆ ಕರಿ. ಕೊಟ್ರಮ್ಮನವರನ್ನು ಗಾಡಿಯಲ್ಲಿ ಕರೆದುಕೊಂಡು ಬಾ. ಮಂಡಿ ನೋವಂತೆ."

ಮಧ್ಯಾಹ್ನ ಎಲ್ಲರೂ ಊಟದ ಮನೆಯ ಮಣೆಗಳ ಮೇಲೆ ಕೂತರು. ಈರಬಸಪ್ಪ ಮೇಷ್ಟರು ಮಾತ್ರ ನಿಂತೇ ಇದ್ದರು. "ನನಗೆ ಪುರುಸೊತ್ತಿಲ್ಲ. ಈ ಹುಡುಗನ ಹಾಸಿಗೆ ಕಟ್ಟಿಸೋದೈತೆ" ಎಂದರು.

"ಕುಂತ್ಕಳ್ರಿ ಮೇಷ್ಟ್ರೆ, ಹಾಸಿಗೆ ಎಲ್ಲೂ ಓಡಲ್ಲ" ಎಂದು ನಾನು ಗದರಿದೆ. ಕೂತರು.

ಅಮ್ಮನವರು ಶುರು ಮಾಡಿದರು. "ಸಣ್ಣಪ್ಪ, ನೀನು ಪಿಚ್ಚರು ತೆಗೆಯುವಾಗ ಹಳೇ ಜಾಡು ಬಿಟ್ಟೆ. ಸಿ.ಐ.ಡಿ.ಯನ್ನೇ ಕೊಲೆಗಾರ ಮಾಡಿದೆ. ಆದರೆ ನಿನ್ನದೇ ರೀಲು ಹೋದಾಗ ಹಳೇ ಜಾಡಿಗೇ ಬಿದ್ದೆ. ಕಪ್ಪು ಕನ್ನಡಕದವನು ಕಳ್ಳ. ಜಗಳ ಆಡಿದವನು ಕಳ್ಳ. ಬೆಲ್ಲ ಬಿಟ್ಟವನು ಕಿಲಾಡಿ ಕಳ್ಳ. ಗೊಲ್ಲಪ್ಪನೂ ನಿನ್ನ ಹಿಂದೆಯೇ ಬಂದ."

ನಾನು ಕೆಮ್ಮಿದೆ.

"ಮೂರು ರೀಲುಗಳನ್ನು ಎಳೆದು ನೋಡಿ ಮತ್ತೆ ಸುತ್ತಿದ್ದಾರೆ. ಯಾಕೆ? ಕಳ್ಳರಿಗೆ ಯಾವ ರೀಲು ಬೇಕೋ ಅದು ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಮುಚ್ಚಳದ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಚಿತ್ರ ಹುಡುಕಿದರು. ಹಾಗಾದರೆ ಶಿವಕುಮಾರಪ್ಪ ಅಲ್ಲ, ರಂಗಪ್ಪ ಅಲ್ಲ, ಮೇಷ್ಟ್ರೂ ಅಲ್ಲ. ಮೂವರೂ ಓದಬಲ್ಲರು. ಇನ್ನು ಉಳಿದವರು ಇಬ್ಬರು ಹೆಂಗಸರು."

ನಿಂಗಕ್ಕ ಎದ್ದು ನಿಂತಳು. ಅಮ್ಮನವರು ಕೈಸನ್ನೆ ಮಾಡಿ ಕೂರಿಸಿದರು.

"ಇನ್ನು ಬೆಲ್ಲ. ಅದು ಗುರುತಲ್ಲ, ಸವಾಲಲ್ಲ. ನಮ್ಮ ಮನೆಗಳಲ್ಲಿ ಪಕ್ಕದ ಮನೆಯ ಪಾತ್ರೆ ಬಂದರೆ ಬರಿದು ಮಾಡಿ ಕಳಿಸುತ್ತೇವೆಯೇ? ಒಂದು ಹಿಡಿ ಕಾಳೋ ಒಂದು ಚೂರು ಬೆಲ್ಲವೋ ಹಾಕಿಯೇ ಕೊಡುತ್ತೇವೆ. ಈ ಕಳ್ಳರೂ ರೀಲು ತೆಗೆದುಕೊಂಡರು. ಆದರೆ ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಬಿಡಲು ಕೈ ಬರಲಿಲ್ಲ. ಹಾಸ್ಟೆಲಿನಲ್ಲಿ ಬೆಲ್ಲವೇ ಇಲ್ಲ. ನಿಂಗಕ್ಕನಿಗೆ ಚಟ್ಟ ಎಂದರೆ ನಗು, ಹೂ ಹಾಕಿದವಳೇ ಅವಳು. ಹೋಳಿಗೆ ಮಾಡಿದ ಮನೆಯಲ್ಲಿ ಬೆಲ್ಲ ಇರುತ್ತದೆ, ಉಳಿದ ಅಚ್ಚು ಹೋಳಿಗೆಯ ಬುಟ್ಟಿಯಲ್ಲೇ ಬಂದಿರಬೇಕು. ಮತ್ತೆ, ಸಂಜೆ ಹೋಳಿಗೆ ಕೊಟ್ಟು ಹೋದ ಅಜ್ಜಿ ಮನೆಗೆ ಹೋಗಿ ಮೊಮ್ಮಗನಿಗೆ ದೃಷ್ಟಿ ತೆಗೆದು, ತಾಯಿತ ಕಟ್ಟಿ, ಎಣ್ಣೆ ನೀರು ಹಾಕುತ್ತಾರೆ ಎಂದರೆ ಇಲ್ಲಿ ಏನೋ ಕೇಳಬಾರದ್ದು ಕೇಳಿರಬೇಕು. ಕೊಟ್ರಮ್ಮನವರೆ, ನಿಮಗೆ ಚಟ್ಟದ ವಿಷಯ ಹೇಳಿದ್ದು ಯಾರು?"

ಕೊಟ್ರಮ್ಮ ಒಂದಿಷ್ಟೂ ಅಳುಕಲಿಲ್ಲ. "ಇವೇ ಕೋತಿಗಳು! ಬಾಯಲ್ಲಿ ನನ್ನ ಹೋಳಿಗೆ ಇಟ್ಕಂಡು 'ಅಜ್ಜಿ, ನಿನ್ನ ಮೊಮ್ಮಗನ್ನ ಹೊತ್ಕಂಡು ಹೋಗೋದು ನೋಡಾಕೆ ಬಾ' ಅಂತ ಕರೀತಾವೆ! ಕಣ್ಣ ಮುಂದೆ ಬದುಕಿರೋ ಮಗ. ಊರೋರೆಲ್ಲ ಅವನ ಹೆಣ ನೋಡಿ ಎದ್ದು ಮನೆಗೆ ಹೋಗಾದಾ? ಅದೂ ಮಲಗಿಸ್ಕಂಡು! ನಮ್ಮೋರು ಸತ್ರೆ ಕುಂದ್ರಿಸಿ ಹೊರ್ತೀವಿ ಕಣ್ರೋ. ಸಾಯ್ಸಾಕೂ ನೆಟ್ಟಗೆ ಬರಲ್ಲ ನಿಮಗೆ!"

"ಅಜ್ಜಿ, ರೀಲು ಸುಟ್ಟುಬಿಟ್ರಾ?" ಸಣ್ಣಪ್ಪ ಮಣೆ ಬಿಟ್ಟು ಎದ್ದ.

"ಸುಡ್ತಾರೇನೋ ಮಗನ ಮುಖ ಇರೋದನ್ನ? ರಾಗಿ ವಾಡೆಯಾಗೆ ಹೂತಿಟ್ಟೀನಿ. ಕೊಡಲ್ಲ."

"ಕೊಡ್ಲಿಲ್ಲ ಅಂದ್ರೆ ಇವನು ಊರಿಗೆ ಹೋಗಬೇಕು" ಎಂದರು ಅಮ್ಮನವರು. "ಹಾಸ್ಟೆಲಿಂದ ತೆಗೀತಾರೆ. ಓದು ಇಲ್ಲಿಗೆ ಮುಗೀತು."

ಕೊಟ್ರಮ್ಮನ ಮುಖ ಇಳಿಯಿತು. ಅದು ಅವರಿಗೆ ಗೊತ್ತಿರಲಿಲ್ಲ. ಸಣ್ಣಪ್ಪನನ್ನು ನೋಡಿದರು, ಮೊಮ್ಮಗನನ್ನು ನೋಡಿದರು. "ಇವನೂ ಮಗನೇ" ಎಂದು ಗೊಣಗಿದರು. "ಆದ್ರೆ ಹೆಣದ ಮೇಲೆ ಮುಗಿಸಬ್ಯಾಡ್ರಪ್ಪ. ಕಡೇಗೆ ಎದ್ದು ಕುಂತ ಅಂತ ಮಾಡ್ರಿ. ಈಗಲೇ ಕೊಡ್ತೀನಿ."

"ಇವತ್ತು ಸಂಜೆಯೊಳಗೆ ಹೊಸದು ತೆಗೆಯೋಕೆ ಆಗಲ್ಲಜ್ಜಿ. ಕ್ಯಾಮೆರಾ ಬೆಂಗಳೂರಿಗೆ ವಾಪಸ್ ಹೋಗೈತೆ."

ಆಗ ರಂಗಪ್ಪ ಕನ್ನಡಕದೊಳಗೆ ಬಟ್ಟೆ ತೂರಿಸಿ ಕಣ್ಣೊರೆಸುತ್ತ, "ಅಲ್ಲ, ನನ್ನ ಮಿಷನ್ನು ಹಿಂದಕ್ಕೂ ಓಡ್ತೈತೆ" ಎಂದ. "ಬಬ್ಬೂರಾಗೆ ಒಂದ್ಸಲ ತಪ್ಪಿ ಸ್ವಿಚ್ಚು ಒತ್ತಿದ್ದೆ. ಕೊಯ್ದ ಜೋಳ ಎಲ್ಲಾ ಎದ್ದು ಮತ್ತೆ ಹೊಲದಾಗೆ ನಿಂತ್ಕಂತು. ರೈತರು ಅದನ್ನೇ ತೋರ್ಸು ಅಂತ ಗಲಾಟೆ ಮಾಡಿದ್ರು."

ಸಣ್ಣಪ್ಪ ಅವನನ್ನು ಅಪ್ಪಿಕೊಂಡೇಬಿಟ್ಟ. ಮದ್ರಾಸ್ ಐ ನೆನಪಾಗಿ ಮರುಗಳಿಗೆಗೇ ಬಚ್ಚಲಿಗೆ ಓಡಿದ.

ರಾಗಿ ವಾಡೆಯಿಂದ ರೀಲು ಬಂತು. ಸಂಜೆ ಅಂಗಳ ತುಂಬಿತ್ತು. ಧೂಳಿನ ಮಂಜು ಬಂತು, ಟಗರು ಇಣುಕಿತು, ಜನ ಶಿಳ್ಳೆ ಹೊಡೆದರು. ಸಿ.ಐ.ಡಿ.ಯೇ ಕೊಲೆಗಾರ ಎಂದು ಬಯಲಾದಾಗ, ಮೊದಲೇ ಗೊತ್ತಿದ್ದ ನಾನೇ ಎದ್ದು ನಿಂತು "ಅವನಿಗೆ ಸರ್ಕಾರ ಸಂಬಳ ಕೊಡಬಾರದಾಗಿತ್ತು!" ಎಂದು ಕೂಗಿದೆನಂತೆ. ಅವನು ಬಂಡೆಯಿಂದ ಬಿದ್ದ. ಚಟ್ಟ ಎದ್ದಿತು. ಕೊಟ್ರಮ್ಮ ಸೆರಗು ಮುಖಕ್ಕೆ ಹಿಡಿದರು.

ಪರದೆ ಒಂದು ಗಳಿಗೆ ಬೆಳ್ಳಗಾಯಿತು. ಆಮೇಲೆ ಹೊತ್ತವರು ಹಿಂದಹಿಂದಕ್ಕೆ ನಡೆದು ಬಂದರು. ಚಟ್ಟ ಕೆಳಗಿಳಿಯಿತು. ತುಂಬೆ ಹೂಗಳು ಒಂದೊಂದೇ ಎದೆಯಿಂದ ಹಾರಿ ಜನರ ಕೈ ಸೇರಿದವು. ಬಂಡೆಯ ಬುಡದಲ್ಲಿ ಬಿದ್ದಿದ್ದ ಹೆಣ ಟಣ್ಣನೆ ಎದ್ದು, ಗಾಳಿಯಲ್ಲಿ ಮೇಲಕ್ಕೆ ಏರಿ, ಬಂಡೆಯ ತುದಿಯಲ್ಲಿ ಕಾಲೂರಿ ನಿಂತಿತು. ಮೈಕಿನಲ್ಲಿ ಸಣ್ಣಪ್ಪ ಆ ಗಳಿಗೆಗೆ ತೋಚಿದ್ದು ಹೇಳಿದ: "ಸ್ವಾಮಿ, ಯಮ ಕೂಡ ಇವನನ್ನ ಬೇಡ ಅಂದ!"

ಹಾಸ್ಟೆಲಿನ ಹೆಂಚು ಹಾರುವಂತೆ ಜನ ನಕ್ಕರು. ಕೊಟ್ರಮ್ಮ ಎದ್ದು ನಿಂತು ಪರದೆಯ ಕಡೆಗೇ ಎರಡೂ ಕೈ ಚಾಚಿ ನೆಟಿಗೆ ಮುರಿದರು. ದೀಪ ಹತ್ತಿದಾಗ ಸಣ್ಣಪ್ಪ ಮೈಕು ಬಿಟ್ಟು ವಾರ್ಡನ್ ಮುಂದೆ ಬಂದು ನಿಂತ. ಈರಬಸಪ್ಪ ಮೇಷ್ಟರು ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

"ಸಾರ್, ನಾನು ಹಾಸಿಗೆ ಕಟ್ಟಲಾ?"

"ಯಾಕಲೆ? ಇಲ್ಲೇ ಬಿದ್ದಿರು, ಪರೀಕ್ಷೆ ಪಾಸು ಮಾಡು" ಎಂದು ಮೇಷ್ಟರು ಗದರಿದರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅದಕ್ಕೆ ಮೊದಲು ಅವನನ್ನ ಇನ್ನೊಂದ್ಸಲ ಸಾಯ್ಸಿ ಎಬ್ಬಿಸಪ್ಪ. ನಮ್ಮ ಮನೆಯೋಳು ಈಗ ಬಂದಳು" ಎಂದರು.